ಎರಕದ ಗುಂಡು, ಹೊಸ ನಳಿಗೆ ಮತ್ತು ಅಜ್ಜನ ಕೋವಿ

ನಾನು ಶಿಕಾರಿಪುರದವನು. ಬೇಟೆ ಹೇರಳವಾಗಿ ಸಿಗುತ್ತಿದ್ದ ಜಾಗ ಅಂತ ಊರಿಗೆ ಈ ಹೆಸರು ಬಂತು ಅಂತಾರೆ ಹಿರಿಯರು. ನಮ್ಮ ಮನೆಯಲ್ಲೂ ಅಜ್ಜನ ಕೇಪಿನ ಕೋವಿ ಇತ್ತು. ಅಡಿಕೆ ತೋಟಕ್ಕೆ ಹಂದಿ, ಮಂಗ ಬರದಿರಲಿ ಅಂತ ಪರವಾನಗಿ ಪಡೆದದ್ದು. ಅಜ್ಜ ತೀರಿಕೊಂಡ ಮೇಲೆ ಅದನ್ನು ಠಾಣೆಗೆ ಒಪ್ಪಿಸಿದೆವು. ಈಗ ನನ್ನ ಹೆಸರಿಗೆ ಅರ್ಜಿ ಹಾಕಬೇಕೋ, ಬಿಟ್ಟುಬಿಡಬೇಕೋ? ಇವತ್ತಿನ ಕಂತು ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಮೊದಲು ಗುಂಡಿನ ಕಥೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಒಲೆಯ ಕೆಂಡವೇ ಸಾಕು. ಅದಕ್ಕೇ ನೂರಾರು ವರ್ಷ ಜನ ಅಚ್ಚಿಗೆ ಸೀಸ ಎರೆದು ಗುಂಡು ಮಾಡಿಕೊಂಡರು. ಅಜ್ಜನ ಕೋವಿಯ ನಳಿಗೆ ಒಳಗೆ ನುಣುಪು. ಗುಂಡು ಅದಕ್ಕಿಂತ ತುಸು ಚಿಕ್ಕದು. ಮದ್ದು ಹಾಕಿ, ನಾರು ತುರುಕಿ, ಗಜದಿಂದ ಜಡಿದರೂ ಗುಂಡು ನಳಿಗೆಯೊಳಗೆ ಅತ್ತಿತ್ತ ತಾಗುತ್ತಲೇ ಹೊರಬೀಳುತ್ತಿತ್ತು. ಹತ್ತಿರದಿಂದ ಈಡು ಹೊಡೆದರೆ ಸರಿ, ದೂರಕ್ಕೆ ದೇವರೇ ಗತಿ!

ನಳಿಗೆಯೊಳಗೆ ಸುರುಳಿ ಗೀರು ಕೊರೆದಾಗ ಗುಂಡು ಬುಗುರಿಯಂತೆ ತಿರುಗುತ್ತಾ ನೇರ ಹೋಯಿತು. ಆದರೆ ಹೊಸ ತಲೆನೋವು ಶುರುವಾಯಿತು. ಸೀಸ ಮೆದು. ಹೊಸ ನಳಿಗೆಯಲ್ಲಿ ಉಳಿದ ಒರಟು ಅದನ್ನು ಹೆರೆಯುತ್ತದೆ, ಹೆರೆದದ್ದು ಅಲ್ಲೇ ಅಂಟುತ್ತದೆ, ಗುರಿ ಕೆಡುತ್ತದೆ. ರಿವಾಲ್ವರ್‌ನಲ್ಲಿ ಇದು ಇನ್ನೂ ಸೂಕ್ಷ್ಮ. ತಿರುಗುವ ಉರುಳೆಯಲ್ಲಿ ಆರು ಗೂಡುಗಳಿದ್ದರೆ, ಆರೂ ಸರದಿಯಲ್ಲಿ ಬಂದು ನಳಿಗೆಗೆ ನೇರವಾಗಿ ನಿಲ್ಲಬೇಕು. ಗೂಡಿನ ಬಾಯಿಗಿಂತ ಗುಂಡು ಸಣ್ಣದಾದರೆ ಬಿಸಿ ಅನಿಲ ಸಂದಿಯಲ್ಲಿ ನುಗ್ಗಿ ಸೀಸವನ್ನೇ ಕೊರೆಯುತ್ತದೆ. ಹಾಗಾಗಿ ಹೊಸ ರಿವಾಲ್ವರನ್ನು ಎರಕದ ಗುಂಡಿಗೆ ಪಳಗಿಸೋದು ಅಂದ್ರೆ ಮೂರು ಕೆಲಸ: ಅಳತೆಗೆ ತಕ್ಕ ಗುಂಡು, ಅದಕ್ಕೆ ಜಿಡ್ಡು, ಆಗಾಗ ನಳಿಗೆ ಒರೆಸುವ ತಾಳ್ಮೆ. ಹೊಡೆಯುತ್ತಾ ಒರೆಸುತ್ತಾ ಹೋದಂತೆ ಒರಟು ಸವೆಯುತ್ತದೆ.

ಈ ಜಿಡ್ಡು ಇದೆಯಲ್ಲ, ಅದೇ ಚರಿತ್ರೆ ತಿರುಗಿಸಿದ್ದು. 1853ರ ಎನ್‌ಫೀಲ್ಡ್ ಬಂದೂಕಿನ ಕಾಗದದ ತೋಟಾಕ್ಕೂ ಜಿಡ್ಡು ಸವರುತ್ತಿದ್ದರು, ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಅದು ದನದ, ಹಂದಿಯ ಕೊಬ್ಬು ಅನ್ನೋ ಗುಮಾನಿ ಹಬ್ಬಿತು. ತೋಟಾ ಮುಟ್ಟದ 85 ಸಿಪಾಯಿಗಳಿಗೆ 1857ರ ಮೇ 9ರಂದು ಮೀರತ್‌ನಲ್ಲಿ ಬೇಡಿ ಹಾಕಿದರು. ಮರುದಿನವೇ ದಂಗೆ.

ಅದೇ ವರ್ಷ ನಮ್ಮ ಕಡೆ ಏನಾಯ್ತು ಗೊತ್ತಾ? ಆಯುಧ ಒಪ್ಪಿಸಿ ಅಂತ ಕಂಪನಿ ಸರ್ಕಾರ ಹುಕುಂ ಮಾಡಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧ ಅಂದರೆ ಹೊಟ್ಟೆಪಾಡು, ಮರ್ಯಾದೆ ಎರಡೂ. ಸೈನ್ಯ ಬಂತು, ಊರು ಸುಟ್ಟಿತು, ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಆ ಕಥೆ ಇವತ್ತಿಗೂ ಲಾವಣಿಯಲ್ಲಿ ಉಳಿದಿದೆ. ಮುಂದೆ 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದು ಪರವಾನಗಿಯ ಬಿಗಿ ದೇಶವಿಡೀ ಹಬ್ಬಿತು. ಸ್ವತಂತ್ರ ಭಾರತದ 1959ರ ಕಾಯ್ದೆಯೂ ಪರವಾನಗಿಯನ್ನು ಬಿಡಲಿಲ್ಲ.

ಚುನಾವಣೆ ಬಂದಾಗಲೆಲ್ಲ ಅಜ್ಜ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಯ್ಯುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು. ಹಲಗಲಿಯ ಬಗ್ಗೆ ಓದಿದ ಮೇಲೆ ಆ ನಗು ನೆನೆದರೆ ಕಸಿವಿಸಿ ಆಗುತ್ತೆ. ಹಾಗಂತ ಮನೆಯಲ್ಲಿ ಕೋವಿ ಇದ್ದರೆ ಸಿಟ್ಟಿನ ಒಂದು ಗಳಿಗೆ ಸಾಕು ಅನ್ನೋ ಅಮ್ಮನ ಭಯವೂ ಸುಳ್ಳಲ್ಲ.

ನಾನು ಅರ್ಜಿ ಹಾಕುತ್ತಿಲ್ಲ. ತೋಟಕ್ಕೆ ಬೇಲಿ ಬಿಗಿ ಮಾಡ್ತೀವಿ. ನಿಮ್ಮ ಮನೆಯಲ್ಲೂ ಕೋವಿಯ ಕಥೆ ಇದ್ದರೆ, ಅಜ್ಜ-ಅಜ್ಜಿ ಇರುವಾಗಲೇ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಾನು ಕೇಳಲಿಲ್ಲ. ಮುಂದಿನ ಕಂತಿನಲ್ಲಿ ಸಿಗೋಣ.