ಬಣ್ಣ ತಿನ್ನುವ ಬಿಸಿಲು

ಹೊಸ ವಾಹನ ಮನೆಗೆ ಬಂದ ದಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುವುದನ್ನು ನೀವೆಲ್ಲ ನೋಡಿದ್ದೀರಿ. ಕೆಲವು ಬೇಸಿಗೆ ಕಳೆದ ಮೇಲೆ ಅದೇ ವಾಹನವನ್ನು ಗಮನಿಸಿದ್ದೀರಾ? ನನ್ನ ಮೊದಲ ಮೊಪೆಡ್ ಕೆಂಪಗಿತ್ತು, ಮಾರುವಾಗ ಗುಲಾಬಿಯಾಗಿತ್ತು!

ಬಿಸಿಲಿನೊಡನೆ ಈ ಜಗಳ ಕಾರಿನಷ್ಟೇ ಹಳೆಯದು. ಮೊದಮೊದಲ ಕಾರುಗಳಿಗೆ ಬಳಿಯುತ್ತಿದ್ದುದು ಕುದುರೆ ಸಾರೋಟಿನ ಅಗಸೆ ಎಣ್ಣೆಯ ವಾರ್ನಿಷ್. ಪದರದ ಮೇಲೆ ಪದರ ಒಣಗಲು ವಾರಗಳೇ ಬೇಕು. ಬಿಸಿಲಿಗೆ ಅದು ಹಳದಿಗಟ್ಟಿ ಬಿರಿಯುತ್ತಿತ್ತು. ಅಮೆರಿಕದ ಫೋರ್ಡ್ ಕಂಪೆನಿ 1914ರಿಂದ 1925ರವರೆಗೆ ಮಾಡೆಲ್ ಟಿ ಕಾರನ್ನು ಕಪ್ಪು ಬಣ್ಣದಲ್ಲಷ್ಟೇ ಮಾರಿತು. ಆ ಕಪ್ಪು ಬಣ್ಣ ಅಗ್ಗವೂ ಹೌದು, ಗಟ್ಟಿಯೂ ಹೌದು.

ಜನರಲ್ ಮೋಟಾರ್ಸ್ ತನ್ನ 1924ರ ಓಕ್ಲೆಂಡ್ ಕಾರಿಗೆ ಡ್ಯುಪಾಂಟ್ ಕಂಪೆನಿಯ 'ಡ್ಯೂಕೊ' ಬಣ್ಣ ಸಿಂಪಡಿಸಿದಾಗ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಅದರ ಮೂಲದ್ರವ್ಯ ನೈಟ್ರೋಸೆಲ್ಯುಲೋಸ್. ಹಳೆಯ ಸಿನಿಮಾ ರೀಲುಗಳದ್ದೂ ಅದೇ. ನಮ್ಮ ವೃತ್ತಿಗೆ ಅದು ನೆಂಟ. ಆದರೆ ಅದನ್ನು ಆಗಾಗ ಪಾಲಿಶ್ ಮಾಡದಿದ್ದರೆ ಹೊಳಪು ಉಳಿಯುತ್ತಿರಲಿಲ್ಲ.

ಕಾರಣ ಸರಳ. ಬಿಸಿಲಿನ ಅತಿನೇರಳೆ ಕಿರಣಗಳು ಬಣ್ಣದ ಕಣಗಳನ್ನು ಹಿಡಿದಿಟ್ಟ ರಾಳದ ಅಣುಸರಪಳಿಯನ್ನು ಕಡಿಯುತ್ತವೆ. ಹಳೆಯ ಬಸ್ಸಿನ ಮೈಮೇಲೆ ಬೆರಳಾಡಿಸಿ ನೋಡಿ, ಸುಣ್ಣದಂತೆ ಪುಡಿ ಅಂಟುತ್ತದೆ. 1980ರ ದಶಕದಲ್ಲಿ ವ್ಯಾಪಕವಾದ ಪಾರದರ್ಶಕ ಮೇಲ್ಪದರದಲ್ಲಿ ಈ ಕಿರಣಗಳನ್ನು ಹೀರುವ ರಾಸಾಯನಿಕಗಳಿರುತ್ತವೆ. ಆ ಪದರ ಕೂದಲೆಳೆಯಷ್ಟು ತೆಳು. ಆದ್ದರಿಂದ ನೆರಳು ಹುಡುಕಿ ನಿಲ್ಲಿಸಿ. ಒಣ ಧೂಳನ್ನು ಬಟ್ಟೆಯಿಂದ ತಿಕ್ಕಬೇಡಿ, ನೀರು ಹಾಕಿ ತೊಳೆಯಿರಿ, ಆಮೇಲೆ ಮೇಣ ಹಚ್ಚಿ. ಹಕ್ಕಿಯ ಹಿಕ್ಕೆಯನ್ನಂತೂ ಬಿಸಿಲೇರುವ ಮುನ್ನವೇ ತೆಗೆಯಿರಿ. ಮೇಲ್ಪದರ ಒಮ್ಮೆ ಸಿಪ್ಪೆಯೆದ್ದರೆ ಯಾವ ಪಾಲಿಶೂ ಅದನ್ನು ಮರಳಿ ತರದು.