ಮುಳುಗುಗಾರನ ಬಾಯಿಪಟ್ಟಿ

ಮಳೆಗಾಲ ಬಂತೆಂದರೆ ನಮ್ಮ ಲಕ್ಕವಳ್ಳಿಯಲ್ಲಿ ಜನ ಒಬ್ಬರನ್ನೊಬ್ಬರು ಕಂಡಾಗ ಯೋಗಕ್ಷೇಮಕ್ಕಿಂತ ಮೊದಲು ಕೇಳುವುದು ಭದ್ರಾ ಜಲಾಶಯದ ಮಟ್ಟವನ್ನು. ಪೂರ್ತಿ ತುಂಬಿದರೆ 186 ಅಡಿ. ಈ ಸಂಖ್ಯೆಯನ್ನು ನಾನು ಮಗ್ಗಿಗಿಂತ ಮೊದಲೇ ಕಲಿತವನು. ಆದರೆ ಅಷ್ಟು ನೀರಿನೊಳಗೆ ಇಳಿದ ಮನುಷ್ಯನ ಉಸಿರಿನ ಗತಿ ಏನಾದೀತೆಂದು ಅರವತ್ತು ದಾಟುವವರೆಗೆ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದ್ದು ಎರಡು ಬೆರಳಗಲದ ಒಂದು ರಬ್ಬರು ಪಟ್ಟಿ.

ನನ್ನ ತಂಗಿಯ ಮಗ ಅಂಡಮಾನಿನ ಕಡಲಲ್ಲಿ ಮುಳುಗಿ ಹವಳದ ದಿಬ್ಬಗಳ ಚಿತ್ರ ತೆಗೆಯುವ ಕೆಲಸದಲ್ಲಿದ್ದಾನೆ. ಅವನು ಬಳಸುವ ಉಪಕರಣಕ್ಕೆ ರಿಬ್ರೀದರ್ ಎಂದು ಹೆಸರು. ಸಾಮಾನ್ಯ ಮುಳುಗುಗಾರ ಬಿಟ್ಟ ಉಸಿರು ಗುಳ್ಳೆಗಳಾಗಿ ಮೇಲೇರಿ ಹೋಗುತ್ತದೆ. ಇದರಲ್ಲಿ ಹಾಗಿಲ್ಲ. ಬಿಟ್ಟ ಉಸಿರು ಒಂದು ಕೊಳವೆಯಲ್ಲಿ ಹೋಗಿ, ಸುಣ್ಣ ಬೆರೆತ ಕ್ಷಾರದ ಹರಳುಗಳ ನಡುವೆ ಹಾಯ್ದು, ಇಂಗಾಲಾಮ್ಲವನ್ನು ಅಲ್ಲಿ ಕಳೆದುಕೊಂಡು, ಖರ್ಚಾದಷ್ಟು ಆಮ್ಲಜನಕವನ್ನು ಸೇರಿಸಿಕೊಂಡು ಮತ್ತೆ ಬಾಯಿಗೇ ಬರುತ್ತದೆ. ಗುಳ್ಳೆ ಇಲ್ಲದ್ದರಿಂದ ಮೀನು ಬೆದರುವುದಿಲ್ಲ. ಈ ಉಸಿರಿನ ಬಳಸುದಾರಿಯೆಲ್ಲ ಬಂದು ಸೇರುವುದು ಹಲ್ಲಿನಲ್ಲಿ ಕಚ್ಚಿಕೊಂಡ ಮೌತ್‌ಪೀಸ್ ಎಂಬ ರಬ್ಬರಿನ ತುಂಡಿಗೆ. ಅದು ಬಾಯಿಂದ ಜಾರದಂತೆ ತಲೆಯ ಹಿಂದಕ್ಕೆ ಬಿಗಿಯುವ ಪಟ್ಟಿಯೊಂದುಂಟು. ಕಳೆದ ಬೇಸಗೆಯಲ್ಲಿ ಊರಿಗೆ ಬಂದಾಗ ಹುಡುಗ ಮಾತಿನ ನಡುವೆ, ‘ಅದನ್ನು ಬಿಚ್ಚಿ ಎಸೆದಿದ್ದೇನೆ ಮಾವ, ಎತ್ತಿಗೆ ಮೂಗುದಾರ ಹಾಕಿದ ಹಾಗೆ ಆಗುತ್ತದೆ’ ಎಂದು ನಕ್ಕ. ತಂಗಿ ನಗಲಿಲ್ಲ. ಅವಳ ಯಜಮಾನರು ನಾಲೆಯ ಪಾಲಾಗಿ ಬಹಳ ವರ್ಷಗಳಾದವು. ರಾತ್ರಿ ಊಟ ಬಡಿಸುತ್ತ, ‘ಅಣ್ಣಾ, ನೀನು ಓದಿದವನು. ಆ ಪಟ್ಟಿ ಯಾಕಿದೆಯೆಂದು ನೋಡಿ ಅವನಿಗೆ ಹೇಳು’ ಎಂದಳು. ಕನ್ನಡ ಮೇಷ್ಟರಿಗೆ ಒಪ್ಪಿಸುವ ಕೆಲಸವಲ್ಲ, ನಿಜ. ಆದರೂ ಓದತೊಡಗಿದೆ.

ನೀರಿನಾಳದಲ್ಲಿ ಉಸಿರಾಡುವ ಆಸೆ ಹಳೆಯದು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನಷ್ಟೆ. ಆ ಪ್ರಸಂಗವನ್ನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಒಳಗೆ ಅವನಿಗೆ ಮೂರ್ಛೆ ಬಂದಿದ್ದರೆ ಮಂತ್ರವನ್ನು ಬಾಯಲ್ಲಿ ಹಿಡಿದಿಡುವವರು ಯಾರು ಎಂಬ ಪ್ರಶ್ನೆ ನನಗೆ ಒಮ್ಮೆಯೂ ಹೊಳೆಯಲಿಲ್ಲ, ವಿದ್ಯಾರ್ಥಿಗಳೂ ಕೇಳಲಿಲ್ಲ.

ಮಂತ್ರವಿಲ್ಲದೆ ಈ ಕೆಲಸ ಸಾಧಿಸಿದವರಲ್ಲಿ ಒಬ್ಬ ಹೆನ್ರಿ ಫ್ಲೂಸ್ ಎಂಬ ಇಂಗ್ಲಿಷ್ ನಾವಿಕ. 1878ರಲ್ಲಿ ಆತ ರೂಪಿಸಿದ ಉಪಕರಣದಲ್ಲಿ ಮುಖಕ್ಕೆ ರಬ್ಬರಿನ ಮುಸುಕು, ಉಸಿರಿಗೊಂದು ಚೀಲ, ತಾಮ್ರದ ಪಾತ್ರೆಯಲ್ಲಿ ಆಮ್ಲಜನಕ, ಇಂಗಾಲಾಮ್ಲ ಹೀರಲು ಕ್ಷಾರದ ದ್ರಾವಣದಲ್ಲಿ ನೆನೆಸಿದ ಹಗ್ಗದ ನಾರು ಇದ್ದವು. ಕೌತುಕ ಮೀರಿದ ಈ ಮನುಷ್ಯ ಒಮ್ಮೆ ನೀರಿನಡಿಯಲ್ಲಿ ಆಮ್ಲಜನಕವನ್ನು ತಾನೇ ನಿಲ್ಲಿಸಿ ಏನಾಗುವುದೋ ನೋಡಲು ಹೋಗಿ ಪ್ರಜ್ಞೆ ತಪ್ಪಿದ. ಮೇಲಿದ್ದವರು ಎಳೆದುಕೊಂಡದ್ದರಿಂದ ಉಳಿದ.

ಆ ಉಪಕರಣಕ್ಕೆ ಕೀರ್ತಿ ತಂದ ಪ್ರಸಂಗವನ್ನು ಅಣೆಕಟ್ಟಿನ ಊರಿನವನಾಗಿ ನಾನು ಎರಡು ಸಲ ಓದಿದೆ. ಇಂಗ್ಲೆಂಡಿನ ಸೆವೆರ್ನ್ ನದಿಯ ಅಡಿಯಲ್ಲಿ ರೈಲಿಗೆ ಸುರಂಗ ಕೊರೆಯುತ್ತಿದ್ದಾಗ, 1879ರಲ್ಲಿ ನೆಲದೊಳಗಿನ ದೊಡ್ಡ ಒರತೆಯೊಂದು ಒಡೆದು ಸುರಂಗ ತುಂಬಿಹೋಯಿತು. ಒಳಗೆ ಸುಮಾರು ಸಾವಿರ ಅಡಿ ದೂರದಲ್ಲಿ ಕಬ್ಬಿಣದ ಬಾಗಿಲೊಂದು ತೆರೆದೇ ಉಳಿದಿತ್ತು. ಅದನ್ನು ಮುಚ್ಚದೆ ನೀರು ಎತ್ತುವಂತಿಲ್ಲ. ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರ ಮೊದಲು ಮೇಲಿನಿಂದ ಗಾಳಿಯ ಕೊಳವೆ ಎಳೆದುಕೊಂಡು ಹೊರಟ. ಕೊಳವೆ ತೇಲುವ ಮರದ ದಿಮ್ಮಿಗಳಿಗೆ ಸಿಕ್ಕಿ ಹಿಂದಿರುಗಬೇಕಾಯಿತು. 1880ರ ನವೆಂಬರಿನಲ್ಲಿ ಫ್ಲೂಸನ ಉಪಕರಣ ತೊಟ್ಟು ಕಗ್ಗತ್ತಲಲ್ಲಿ ತಡಕುತ್ತ ಹೋಗಿ ಬಾಗಿಲು ಮುಚ್ಚಿ ಬಂದ. ಅಲ್ಲಿದ್ದ ಇನ್ನೊಂದು ತೂಬಿನ ತಿರುಪನ್ನೂ ಮುಚ್ಚಿದೆನೆಂದುಕೊಂಡು ತಿರುಗಿಸಿದ. ಅದರ ಮರೆ ಎಡಸುತ್ತಿನದು, ಪಾಪ, ತೆರೆದಂತಾಗಿತ್ತು!

ಮುಂದಿನ ಆರು ದಶಕ ಉಸಿರನ್ನು ಒದಗಿಸುವುದರಲ್ಲೇ ಕಳೆದವು. ಒದಗಿಸಿದ ಉಸಿರೇ ವಿಷವಾಗಬಲ್ಲದೆಂಬುದನ್ನು ಮೈಮೇಲೆ ಹಾಕಿಕೊಂಡು ತಿಳಿದವರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಒಬ್ಬರು. 1939ರ ಜೂನ್‌ನಲ್ಲಿ ಥೀಟಿಸ್ ಎಂಬ ಬ್ರಿಟಿಷ್ ಜಲಾಂತರ್ಗಾಮಿ ಮುಳುಗಿ 99 ಜನ ಸತ್ತ ಮೇಲೆ ಅವರು ಒತ್ತಡದ ಕೋಣೆಯಲ್ಲಿ ತಾವೇ ಕುಳಿತು ಪ್ರಯೋಗ ನಡೆಸಿದರು. ಒತ್ತಡದಲ್ಲಿ ಶುದ್ಧ ಆಮ್ಲಜನಕ ಸೇವಿಸಿ ಸೆಳವು ಬಂದು ಬೆನ್ನೆಲುಬಿಗೆ ಪೆಟ್ಟು ಮಾಡಿಕೊಂಡರು. ಇದೇ ಹಾಲ್ಡೇನರು 1957ರಲ್ಲಿ ಭಾರತಕ್ಕೆ ಬಂದು, ನಮ್ಮ ನಾಗರಿಕರಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಶುದ್ಧ ಆಮ್ಲಜನಕವನ್ನು ಸುಮಾರು 20 ಅಡಿಗಿಂತ ಕೆಳಗೆ ನೆಚ್ಚುವಂತಿಲ್ಲವೆಂಬುದು ಈಗ ಮುಳುಗುಗಾರರ ಸಾಮಾನ್ಯ ತಿಳುವಳಿಕೆ. ನಮ್ಮ ಜಲಾಶಯ ತುಂಬಿದಾಗ ಬುಡದಲ್ಲಿ ನೀರಿನ ಒತ್ತಡವೊಂದೇ ಗಾಳಿಯ ಒತ್ತಡದ ಐದೂವರೆ ಪಟ್ಟಿನಷ್ಟು. 20 ಅಡಿಯೆಂದರೆ ಅದರ ಮೇಲಿನ ಕೆನೆ ಮಾತ್ರ. ಆದ್ದರಿಂದ ಆಳಕ್ಕೆ ಇಳಿಯುವವರು ಆಮ್ಲಜನಕಕ್ಕೆ ಬೇರೆ ಅನಿಲ ಬೆರೆಸಿ, ಅದರ ಪ್ರಮಾಣವನ್ನು ಯಂತ್ರದಿಂದ ಅಳೆಯುತ್ತ ಇಳಿಯುತ್ತಾರೆ.

ಆ ಅಳತೆ ತಪ್ಪಿದರೆ? ಇಂಗಾಲಾಮ್ಲ ಹೆಚ್ಚಿದರೆ ಏದುಸಿರು ಬಂದು ಬಹುಮಟ್ಟಿಗೆ ಸೂಚನೆ ಸಿಗುತ್ತದೆ. ಆಮ್ಲಜನಕ ಕಡಿಮೆಯಾದರೆ ಸೂಚನೆಯೇ ಇಲ್ಲ. ನಿದ್ದೆ ಹತ್ತಿದಂತೆ ಪ್ರಜ್ಞೆ ಜಾರುತ್ತದೆ. ಹೆಚ್ಚಾದರೆ ಸೆಳವು. ಎರಡರಲ್ಲೂ ದವಡೆಯ ಹಿಡಿತ ಮನುಷ್ಯನ ಕೈಯಲ್ಲಿ ಉಳಿಯುವುದಿಲ್ಲ, ಮೌತ್‌ಪೀಸ್ ಜಾರುತ್ತದೆ, ನೀರು ಒಳನುಗ್ಗುತ್ತದೆ. ಅನಿಲದ ದೋಷದಿಂದ ಮೂರ್ಛೆ. ಆದರೆ ಸಾವು ನೀರಿನಿಂದ. ಪಟ್ಟಿ ನಿಲ್ಲುವುದು ಈ ಎರಡರ ನಡುವಿನ ಸಂಧಿಯಲ್ಲಿ. ಹಲ್ಲು ಬಿಟ್ಟರೂ ತುಟಿಯ ಸುತ್ತ ರಬ್ಬರಿನ ಅಂಚನ್ನು ಒತ್ತಿ ಹಿಡಿದು, ಜೊತೆಗಾರ ಬಂದು ಎತ್ತುವಷ್ಟು ಹೊತ್ತು ನೀರನ್ನು ತಡೆಯುತ್ತದೆ.

ಫ್ರೆಂಚ್ ಸೈನ್ಯದ ವೈದ್ಯರು 1979ರಿಂದ 2009ರವರೆಗೆ ತಮ್ಮ ಮುಳುಗುಗಾರರಿಗೆ ಈ ಉಪಕರಣದಲ್ಲಿ ಆದ 153 ಅಪಘಾತಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ಪ್ರಜ್ಞೆ ತಪ್ಪಿದವರು 54 ಜನ. ಮುಳುಗಿ ಸತ್ತವರು ಮೂವರು. ಆ ಸೈನಿಕರು ಪಟ್ಟಿ ಕಟ್ಟುತ್ತಿದ್ದರು. ಜೊತೆಗಾರನೊಂದಿಗೆ ಹಗ್ಗದಿಂದ ಬಿಗಿದುಕೊಂಡೂ ಇಳಿಯುತ್ತಿದ್ದರು. ಆದ್ದರಿಂದ ಪುಣ್ಯವೆಲ್ಲ ಪಟ್ಟಿಯದೇ ಎನ್ನಲಾಗದು. ಆದರೆ ಅದನ್ನು ಬಿಟ್ಟು ಲೆಕ್ಕ ಹಾಕಲೂ ಆಗದು. 1990ರ ದಶಕದ ಕೊನೆಗೆ ಉಪಕರಣ ಹವ್ಯಾಸಿಗಳ ಕೈಗೆ ಬಂದಾಗ ಸೈನಿಕರ ಈ ಅಭ್ಯಾಸ ಹಲವರ ಜೊತೆ ಬರಲಿಲ್ಲ. ಕಾರಣ ಬರಿಯ ಕಿರಿಕಿರಿಯೆಂದು ನನಗನ್ನಿಸದು. ಪಟ್ಟಿ ಕಟ್ಟುವವನು ‘ನಾನೂ ಎಚ್ಚರ ತಪ್ಪಬಹುದು’ ಎಂದು ಮೊದಲೇ ಒಪ್ಪಿಕೊಳ್ಳಬೇಕು. ಪ್ರಾಯದವರಿಗೆ ಅದು ಕಷ್ಟ.

ಇಷ್ಟನ್ನು ಹುಡುಗನಿಗೆ ಹೇಳಿದೆ. ಅವನು ವಾದಿಸಲಿಲ್ಲ. ‘ನೀವೊಮ್ಮೆ ಕಟ್ಟಿ ನೋಡಿ ಮಾವ’ ಎಂದು ಹಳೆಯದೊಂದನ್ನು ತೊಳೆದು ಕೊಟ್ಟ. ಕಟ್ಟಿಕೊಂಡು ಜಗಲಿಯಲ್ಲಿ ಕುಳಿತೆ. ಎರಡು ನಿಮಿಷಕ್ಕೆ ಜೊಲ್ಲು, ಐದು ನಿಮಿಷಕ್ಕೆ ಕಿವಿಯ ಹಿಂದೆ ಉರಿ. ಬಾಯಿ ಕಟ್ಟಿದ ಮೇಷ್ಟರನ್ನು ನೋಡಿ ತಂಗಿಗೂ ನಗು ಬಂತು. ಅವನ ದೂರು ಸುಳ್ಳಲ್ಲವೆಂದು ಅಂದೇ ತಿಳಿಯಿತು. ಆದರೆ ನಾನು ವಿಪರೀತ ಬಿಗಿದಿದ್ದೆ. ಪಟ್ಟಿ ಕಿವಿಯ ಕೆಳಗೆ ಹಾಯಬೇಕು, ತುಟಿಗೆ ಅಂಚು ಮೃದುವಾಗಿ ತಾಗಬೇಕು, ಅಷ್ಟೆ. ನಮ್ಮ ಕಡೆ ಅಡಿಕೆಮರ ಹತ್ತುವ ಕೊನೆಗಾರ ಕಾಲಿಗೆ ಹಾಕುವ ಹಗ್ಗವೂ ಮೊದಲ ದಿನಗಳಲ್ಲಿ ಚರ್ಮ ಸುಲಿಯುತ್ತದೆ.

ರಜೆಯ ಉಳಿದ ದಿನಗಳಲ್ಲಿ ಹುಡುಗ ಸಂಜೆ ಅರ್ಧ ಗಂಟೆ ಅದನ್ನು ಕಟ್ಟಿಕೊಂಡೇ ಕೂರುತ್ತಿದ್ದ. ಕಣ್ಣು ಮುಚ್ಚಿ, ಮೊದಲು ಮೌತ್‌ಪೀಸಿನ ಕವಾಟ ಮುಚ್ಚಿ, ಆಮೇಲೆ ಪಟ್ಟಿಯನ್ನು ಗದ್ದದ ಕೆಳಗೆ ಜಾರಿಸಿ, ತುರ್ತಿನ ಇನ್ನೊಂದು ಗಾಳಿಯ ತುಂಡನ್ನು ಬಾಯಿಗಿಡುವುದನ್ನು ಕೈಗೆ ರೂಢಿಸಿಕೊಂಡ. ಕವಾಟ ಮುಚ್ಚದೆ ತೆಗೆದರೆ ಉಪಕರಣಕ್ಕೆ ನೀರು ತುಂಬುತ್ತದೆ. ಆ ಕ್ರಮ ತಪ್ಪುವಂತಿಲ್ಲ. ಹೊರಡುವ ಹಿಂದಿನ ದಿನ, ‘ಕೊಳವೆಯ ಭಾರವನ್ನು ಪಟ್ಟಿಯೇ ಹೊರುತ್ತದೆ ಮಾವ, ದವಡೆ ಈಗ ನೋಯುವುದಿಲ್ಲ’ ಎಂದ.

ತಂಗಿ ಈಗ ಫೋನಿನಲ್ಲಿ ಊಟವಾಯಿತೇ ಎಂದು ಕೇಳುವ ಮೊದಲು ಪಟ್ಟಿ ಕಟ್ಟಿದೆಯಾ ಎಂದು ಕೇಳುತ್ತಾಳೆ.