ಅಂಜುದೀವ್: ಎಲ್ಲರೂ ಬಂದರು, ಯಾರೂ ಉಳಿಯಲಿಲ್ಲ

ನಮ್ಮ ಆವತಿಗೆ ಸಮುದ್ರ ಬಲು ದೂರ. ಆದರೆ ಊರು ಬಿಟ್ಟು ಊರು ಸೇರುವ ಕಥೆ ನಮಗೆ ಹೊಸದಲ್ಲ. ಕಂಚಿ ಸೀಮೆಯಿಂದ ಗಾಡಿ ಕಟ್ಟಿಕೊಂಡು, ಪಾಲಾರ್ ಹೊಳೆ ದಾಟಿ ಬಂದ ರಣಭೈರೇಗೌಡ ಮತ್ತು ಅವನ ಒಡಹುಟ್ಟಿದವರು ಇಲ್ಲಿ ನೆಲೆ ನಿಂತರು ಎಂದು ಹಿರಿಯರು ಹೇಳುತ್ತಾರೆ. ಆ ವಂಶವೇ ಮುಂದೆ ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆ ಹಬ್ಬಿತು.

ಇವತ್ತು ನಾವು ಹೇಳುತ್ತಿರುವುದು ಇದರ ಉಲ್ಟಾ ಕಥೆ. ಕಾರವಾರದ ಬಿಣಗಾ ಬಳಿ ಕಡಲಲ್ಲಿ ಅಂಜುದೀವ್ ಎಂಬ ದ್ವೀಪವಿದೆ. ಉದ್ದ ಎರಡು ಕಿಲೋಮೀಟರ್ ಕೂಡ ಇಲ್ಲ. ಕಾರವಾರಕ್ಕೆ ಇಷ್ಟು ಹತ್ತಿರವಿದ್ದರೂ ಲೆಕ್ಕಕ್ಕೆ ಅದು ಗೋವಾದ ಕಾಣಕೋಣ ತಾಲ್ಲೂಕಿಗೆ ಸೇರಿದೆ.

ಇಷ್ಟು ಚಿಕ್ಕ ಜಾಗಕ್ಕೆ ಅಷ್ಟೊಂದು ಜನ ಬಂದದ್ದು ಯಾಕೆ? ಸಿಹಿ ನೀರಿಗೆ. ಉಪ್ಪು ನೀರಿನ ನಡುವೆ ಇಲ್ಲಿ ಬುಗ್ಗೆಗಳಿದ್ದವು. 1498ರಲ್ಲಿ ಊರಿಗೆ ಮರಳುವಾಗ ವಾಸ್ಕೋ ಡ ಗಾಮ ಇಲ್ಲಿ ತಂಗಿ ಹಡಗು ರಿಪೇರಿ ಮಾಡಿಸಿದ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು, ಸ್ವಲ್ಪ ಕಾಲಕ್ಕೇ ಬಿಟ್ಟು ಹೋದರು. 1682ರಲ್ಲಿ ಮತ್ತೆ ಬಂದು ಕೋಟೆ ಕಟ್ಟಿದರು. ಅಲ್ಲಿನ ಹಳೇ ಇಗರ್ಜಿಯ ಹೆಸರೇ ಬುಗ್ಗೆಗಳ ಮಾತೆ. ಅಂಕೋಲೆಯ ಆರ್ಯಾದುರ್ಗಾ ದೇವಿ ಕೂಡ ಮೊದಲು ಈ ದ್ವೀಪದಲ್ಲೇ ಇದ್ದಳು ಎಂಬುದು ಭಕ್ತರ ನಂಬಿಕೆ.

ನೀರು ಚೆನ್ನಾಗಿತ್ತು, ಗಾಳಿ ಒಗ್ಗಲಿಲ್ಲ. ಇಂಗ್ಲೆಂಡಿನ ರಾಜನಿಗೆ ಮದುವೆಯ ಬಳುವಳಿಯಾಗಿ ಬೊಂಬಾಯಿ ಸಿಕ್ಕಿತ್ತು. ಅದನ್ನು ವಹಿಸಿಕೊಳ್ಳಲು 1662ರಲ್ಲಿ ಅಬ್ರಹಾಂ ಶಿಪ್‌ಮನ್ ನೂರಾರು ಸೈನಿಕರೊಂದಿಗೆ ಬಂದ. ಅಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಬಿಟ್ಟುಕೊಡಲಿಲ್ಲ. ಈ ಜನ ಅಂಜುದೀವ್‌ನಲ್ಲಿ ಕಾಯುತ್ತಾ ಕೂತರು. ಮಳೆ, ಜ್ವರ, ಸರಿಯಾದ ಊಟವಿಲ್ಲ. ಶಿಪ್‌ಮನ್ ಕೂಡ ಅಲ್ಲೇ ಸತ್ತ. 1665ರ ಫೆಬ್ರವರಿಯಲ್ಲಿ ಬೊಂಬಾಯಿ ಕೈಗೆ ಬಂದಾಗ ಉಳಿದಿದ್ದವರು ನೂರರ ಆಸುಪಾಸು.

ನಮ್ಮ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನ ಕಾಲದಲ್ಲಿ ಕರಾವಳಿಯ ಕೆಲವು ಕ್ರೈಸ್ತರು ದಂಡಿಗೆ ಹೆದರಿ ಇದೇ ದ್ವೀಪದಲ್ಲಿ ಆಸರೆ ಪಡೆದರು. ಹೀಗೆ ಇಲ್ಲಿನ ಜನಸಂಖ್ಯೆ ಎಂದರೆ ಯಾವಾಗಲೂ ಬಂದು ಹೋಗುವವರ ಲೆಕ್ಕವೇ: ನಾವಿಕರು, ಸೈನಿಕರು, ಓಡಿ ಬಂದವರು. ಸುತ್ತಲಿನ ನೀರಿನಲ್ಲಿ ಬಲೆ ಬೀಸುತ್ತಿದ್ದವರು ಮಾತ್ರ ಎಂದಿನಂತೆ ಬಲೆ ಬೀಸುತ್ತಿದ್ದರು.

1961ರ ನವೆಂಬರಿನಲ್ಲಿ ದ್ವೀಪದ ಪೋರ್ಚುಗೀಸರು ಮೊದಲು 'ಸಾಬರಮತಿ' ಎಂಬ ಹಡಗಿನ ಮೇಲೆ, ಆಮೇಲೆ ಒಂದು ಮೀನುಗಾರಿಕೆ ದೋಣಿಯ ಮೇಲೆ ಗುಂಡು ಹಾರಿಸಿದರು. ಒಬ್ಬ ಮೀನುಗಾರ ಸತ್ತ. ಗೋವಾ ಕಾರ್ಯಾಚರಣೆಗೆ ದೇಶ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಡಿಸೆಂಬರ್ 18ರಂದು ನಮ್ಮ ನೌಕಾಪಡೆಯವರು ದ್ವೀಪಕ್ಕೆ ಇಳಿದರು. ಏಳು ಮಂದಿ ಪ್ರಾಣ ಕೊಟ್ಟರು.

ಆಮೇಲೆ ಸೀಬರ್ಡ್ ಬಂತು. 1986ರ ಅಕ್ಟೋಬರ್ 24ರಂದು ಈ ನೌಕಾನೆಲೆಯ ಶಂಕುಸ್ಥಾಪನೆ ಆಗಿತ್ತು. ಕಾರವಾರ, ಅಂಕೋಲಾ ನಡುವಿನ 13 ಹಳ್ಳಿಗಳ ಜಮೀನು ಹೋಯಿತು. ರೈತರು, ಮೀನುಗಾರರು ಎದ್ದು ಹೊರಟರು. ಪರಿಹಾರದ ಕೇಸುಗಳು ದಶಕಗಟ್ಟಲೆ ನಡೆದವು. ಅಲೆ ತಡೆಯುವ ಗೋಡೆ ಈಗ ಅಂಜುದೀವನ್ನು ನೆಲಕ್ಕೆ ಸೇರಿಸಿದೆ. ದೋಣಿಯಲ್ಲಿ ಹೋಗಬಹುದಾಗಿದ್ದಾಗ ಹಬ್ಬಕ್ಕೆ ಜನ ಹೋಗುತ್ತಿದ್ದರು. ನೆಲಕ್ಕೆ ಸೇರಿದ ಮೇಲೆ ಸಾಮಾನ್ಯರಿಗೆ ಪ್ರವೇಶವೇ ಇಲ್ಲ.

ದೇಶಕ್ಕೆ ನೌಕಾನೆಲೆ ಬೇಡ ಎಂದು ನಾವು ಹೇಳುವುದಿಲ್ಲ. ಆದರೆ 13 ಹಳ್ಳಿ ಎಂದಾಗ ನಮಗೆ ನೆನಪಾಗುವುದು ಚನ್ನರಾಯಪಟ್ಟಣ ಹೋಬಳಿ. 1,777 ಎಕರೆಗಾಗಿ ನಮ್ಮ ರೈತರು 1,198 ದಿನ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಕಾರವಾರದವರಿಗೆ ಆ ದಿನ ಬರಲಿಲ್ಲ.

ಅಂಜುದೀವ್‌ಗೆ ಬಂದ ಕಪ್ತಾನರ ಹೆಸರುಗಳು ಪುಸ್ತಕದಲ್ಲಿವೆ. ಅಲ್ಲಿ ಬಲೆ ಒಣಗಿಸಿದವರ ಹೆಸರು ಹುಡುಕಿದರೂ ಸಿಗುವುದು ಕಷ್ಟ. ನಿಮ್ಮೂರಿನ ಹೊಲ, ಕಟ್ಟೆ, ಕೆರೆಗಳ ಹಳೇ ಹೆಸರು ಗೊತ್ತಿರುವ ಅಜ್ಜ ಅಜ್ಜಿಯರಿದ್ದರೆ ಈ ಭಾನುವಾರವೇ ಕೂತು ಬರೆದುಕೊಳ್ಳಿ.